ಒಂದು ಪೆನ್ನು ಕೊಟ್ಟಿದ್ದನ್ನ ಇನ್ನೊಂದು ಪೆನ್ನು ಕಿತ್ಕೊಳ್ಳುತ್ತೆ

ಹೋದ ವಾರ ನಮ್ಮ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಒಂದು ಜಗಳ ಆಯ್ತು. ಸಾರು ನೀರಾಗಿದೆ ಅನ್ನೋ ದಿನದ ಜಗಳ ಅಲ್ಲ. ಎಂ.ಎ. ಓದ್ತಿರೋ ಒಬ್ಬ ಗೆಳೆಯ, ಬುದ್ಧಿವಂತ, ಮೆರವಣಿಗೆಯಲ್ಲಿ ನನಗಿಂತ ಜೋರಾಗಿ ಕೂಗೋನು, ತಟ್ಟೆ ಪಕ್ಕಕ್ಕೆ ತಳ್ಳಿ ಹೇಳಿದ: "ಈ ಪಾರ್ಲಿಮೆಂಟು, ಈ ಅಸೆಂಬ್ಲಿ, ಈ ಸಮಿತಿ, ಉಪಸಮಿತಿ ಎಲ್ಲಾ ದಂಡ ಕಣೋ. ಅಮೆರಿಕಾ ನೋಡು. ಒಬ್ಬ ಅಧ್ಯಕ್ಷ. ಕೂತ, ಪೆನ್ನು ತೆಗೆದ, ಸೈನು ಹಾಕಿದ, ಮುಗೀತು. ನಮಗೂ ಅಂಥವನೊಬ್ಬ ಬೇಕು. ಅವನು ನಮ್ಮವನೇ ಆಗಿದ್ರೆ ಇನ್ನೂ ಒಳ್ಳೇದು." ಸುತ್ತ ಕೂತಿದ್ದ ಹತ್ತು ಹನ್ನೆರಡು ಹುಡುಗರು ಹೌದು ಹೌದು ಅಂತ ತಲೆ ಆಡಿಸಿದ್ರು. ನನಗೆ ಅನ್ನ ಇಳೀಲಿಲ್ಲ.

ಅವತ್ತು ಬಾಯಿಗೆ ಸರಿಯಾದ ಉತ್ತರ ಬರಲಿಲ್ಲ, ಬೈದೆ ಅಷ್ಟೆ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದೆ. ಬೈಗುಳ ವಾಪಸ್ ತಗೋತೀನಿ. ವಾದ ವಾಪಸ್ ತಗೊಳ್ಳಲ್ಲ.

ಅಮೆರಿಕಾದ ಅಧ್ಯಕ್ಷಗಿರಿಯನ್ನ ನಮಗೆ ಪಾಠ ಹೇಳಿದವರೆಲ್ಲ ಮೇಲಿನಿಂದ ನೋಡಿ ಹೇಳಿದವರೇ. ಅಧಿಕಾರ ವಿಭಜನೆ, ತಡೆ, ಸಮತೋಲನ, ಕೊನೆಗೊಂದು ದೊಡ್ಡ ಮಾರ್ಕಿನ ಪ್ರಶ್ನೆ. ನಾನೂ ಬಿ.ಎ.ನಲ್ಲಿ ಉರು ಹೊಡೆದು ಬರೆದೆ, ಪಾಸಾದೆ. ಆ ಪೆನ್ನಿನ ಕೆಳಗೆ ಬದುಕಿದವರ ಕಡೆಯಿಂದ ನೋಡಿ ಯಾವ ಮೇಷ್ಟ್ರೂ ಹೇಳಲಿಲ್ಲ. ಹೊಲಗೇರಿಯಿಂದ ನೋಡಿದ್ರೆ ಊರಿನ ಚಾವಡಿ ಬೇರೆ ಥರ ಕಾಣುತ್ತೆ ಅಲ್ವ, ಹಾಗೆ ನೋಡೋಣ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದ ಬಿಳಿ ಗಂಡಸರಿಗೆ ರಾಜನ ಭಯ ಇತ್ತು. ಇಂಗ್ಲೆಂಡಿನ ಮೂರನೇ ಜಾರ್ಜನನ್ನ ಆಗಷ್ಟೆ ಓಡಿಸಿದ್ರು. ಅದಕ್ಕೇ ಅಧ್ಯಕ್ಷನಿಗೆ ಅಳೆದು ಅಳೆದು ಕೊಟ್ಟರು. ದುಡ್ಡಿನ ಚೀಲ ಕಾಂಗ್ರೆಸ್ಸಿನ ಕೈಲಿ (ಅಲ್ಲಿ ಕಾಂಗ್ರೆಸ್ ಅಂದ್ರೆ ಪಾರ್ಲಿಮೆಂಟು, ನಮ್ಮೂರ ಪಾರ್ಟಿ ಅಲ್ಲ). ಕಾನೂನು ಮಾಡೋದು ಕಾಂಗ್ರೆಸ್ಸು, ಯುದ್ಧ ಸಾರೋದೂ ಕಾಂಗ್ರೆಸ್ಸು. ಅಧ್ಯಕ್ಷ ಸೇನೆಯ ದಂಡನಾಯಕ, ಮಸೂದೆಗೆ ಬೇಡ ಅನ್ನಬಹುದು, ಕೈದಿಗಳಿಗೆ ಕ್ಷಮೆ ಕೊಡಬಹುದು, ಕಾನೂನು ನೆಟ್ಟಗೆ ಜಾರಿ ಆಗೋ ಹಾಗೆ ನೋಡ್ಕೋಬೇಕು. ಕಾಗದದ ಮೇಲೆ ಇಷ್ಟೆ. ಆದರೆ ಆ ಕುರ್ಚಿಗೆ ಕೂರಿಸೋ ಲೆಕ್ಕ ಇದೆಯಲ್ಲ, ಅದನ್ನ ನೋಡಿ. ಓಟಿಲ್ಲದ ಗುಲಾಮನ ಮೈಯನ್ನ ಐದರಲ್ಲಿ ಮೂರು ಪಾಲು ಅಂತ ಎಣಿಸಿ, ಆ ಎಣಿಕೆಯಿಂದ ಅವನ ಧಣಿಯ ರಾಜ್ಯಕ್ಕೆ ಅಧ್ಯಕ್ಷರನ್ನ ಆರಿಸೋ ಬಲ ಹೆಚ್ಚಿಸಿಕೊಟ್ಟರು. ಮೊದಲ ಹನ್ನೆರಡು ಅಧ್ಯಕ್ಷರಲ್ಲಿ ಹತ್ತು ಜನ ಒಂದಲ್ಲ ಒಂದು ಕಾಲಕ್ಕೆ ಗುಲಾಮರನ್ನ ಇಟ್ಕೊಂಡಿದ್ದವರು. ಇಲ್ಲದಿದ್ದವರು ಆಡಮ್ಸ್ ಅಪ್ಪ ಮಗ ಇಬ್ಬರೇ.

ಮೊದಲನೇ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆಯಲ್ಲಿ ಓನಾ ಜಡ್ಜ್ ಅಂತ ಒಬ್ಬ ಹುಡುಗಿ ಇದ್ದಳು, ಅವನ ಹೆಂಡತಿಯ ಸೇವೆಗೆ. ಆಗ ರಾಜಧಾನಿ ಫಿಲಡೆಲ್ಫಿಯಾ. ಆ ರಾಜ್ಯದ 1780ರ ಕಾಯಿದೆ ಪ್ರಕಾರ ಹೊರಗಿನಿಂದ ತಂದ ಗುಲಾಮ ಅಲ್ಲಿ ಆರು ತಿಂಗಳು ಇದ್ದರೆ ಬಿಡುಗಡೆ ಕೇಳಬಹುದಿತ್ತು. ಅಧ್ಯಕ್ಷ ಏನ್ಮಾಡಿದ? ಆರು ತಿಂಗಳು ತುಂಬೋಕೆ ಮುಂಚೆ ಅವರನ್ನ ರಾಜ್ಯದ ಗಡಿ ದಾಟಿಸಿ ಮತ್ತೆ ವಾಪಸ್ ತರಿಸ್ತಿದ್ದ. ಓಡಿಹೋದ ಗುಲಾಮರನ್ನ ಹಿಡಿದು ತರೋ 1793ರ ಕಾಯಿದೆಗೂ ಅವನದೇ ಸಹಿ. 1796ರಲ್ಲಿ ಮನೆಯವರು ಊಟಕ್ಕೆ ಕೂತಿದ್ದಾಗ ಓನಾ ಬಾಗಿಲು ದಾಟಿ ಹೊರಟುಹೋದಳು. ಪೋರ್ಟ್ಸ್‌ಮತ್ ಅನ್ನೋ ಬಂದರಿನಲ್ಲಿದ್ದಾಳೆ ಅಂತ ಗೊತ್ತಾದಾಗ ಅಧ್ಯಕ್ಷ ತನ್ನ ಖಜಾನೆ ಮಂತ್ರಿಯ ಮೂಲಕ ಅಲ್ಲಿನ ಸುಂಕದ ಅಧಿಕಾರಿಗೆ ಹೇಳಿಸಿದ, ಹಿಡಿದು ಕಳಿಸು ಅಂತ. ಸರ್ಕಾರದ ನೌಕರ, ಮನೆಯ ಜೀತದಾಳು ಹುಡುಕೋ ಕೆಲಸಕ್ಕೆ! ಅವಳು ಬರಲಿಲ್ಲ. 1848ರಲ್ಲಿ ಸಾಯೋವರೆಗೂ ವಾಪಸ್ ಹೋಗಲಿಲ್ಲ. ಅಧ್ಯಕ್ಷನ ಅಧಿಕಾರದ ಮಿತಿಗಳು ಅಂತ ನನ್ನ ನೋಟ್ಸಿನಲ್ಲಿ ಈಗ ಮೊದಲನೇ ಹೆಸರು ಅವಳದು.

ಆಮೇಲೆ ಬಂದ ಆಂಡ್ರೂ ಜಾಕ್ಸನ್. 'ಜನರ ಅಧ್ಯಕ್ಷ' ಅಂತ ಅವನಿಗೆ ಹೆಸರು. ಯಾವ ಜನ? 1830ರಲ್ಲಿ ಮೂಲನಿವಾಸಿಗಳನ್ನ ಮಿಸಿಸಿಪ್ಪಿ ನದಿಯ ಆಚೆಗೆ ಎಬ್ಬಿಸೋ ಕಾಯಿದೆಗೆ ಸಹಿ ಹಾಕಿದ. 1832ರಲ್ಲಿ ಸುಪ್ರೀಂ ಕೋರ್ಟು ಚೆರೋಕಿ ಜನರ ನೆಲದ ಮೇಲೆ ಜಾರ್ಜಿಯಾ ರಾಜ್ಯದ ಕಾನೂನು ನಡೆಯಲ್ಲ ಅಂತ ತೀರ್ಪು ಕೊಡ್ತು. ಜಡ್ಜು ತೀರ್ಪು ಕೊಟ್ಟಿದಾನೆ, ಬೇಕಾದ್ರೆ ಅವನೇ ಜಾರಿ ಮಾಡ್ಕೊಳ್ಳಲಿ ಅಂತ ಜಾಕ್ಸನ್ ಅಂದ ಅನ್ನೋ ಕತೆ ಎಲ್ಲಾ ಪುಸ್ತಕದಲ್ಲೂ ಓಡಾಡುತ್ತೆ. ಅವನು ಹಾಗಂದಿದ್ದಕ್ಕೆ ಗಟ್ಟಿ ದಾಖಲೆ ಇಲ್ಲ. ಅನ್ನೋ ಅಗತ್ಯವೂ ಇರಲಿಲ್ಲ, ಸುಮ್ಮನೆ ಕೂತ, ಸಾಕಾಯ್ತು. 1838ರಲ್ಲಿ ಸೈನ್ಯ ಬಂದೂಕು ಹಿಡಿದು ಚೆರೋಕಿಗಳನ್ನ ನಡೆಸಿಕೊಂಡು ಹೋಯ್ತು. ಸುಮಾರು 4,000 ಜನ ಸತ್ತರು ಅಂತ ಅಂದಾಜು. ಅಧ್ಯಕ್ಷನ ಅಧಿಕಾರ ಅಂದ್ರೆ ಮಾಡೋದು ಮಾತ್ರ ಅಲ್ಲ ಗೆಳೆಯರೆ, ಮಾಡದೆ ಬಿಡೋದೂ ಅಧಿಕಾರವೇ. ಅಟ್ರಾಸಿಟಿ ಕೇಸು ಬರೆಸೋಕೆ ಠಾಣೆಗೆ ಹೋದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ್ರೆ ನನ್ನ ಗೆಳೆಯ ಸುಮ್ಮನಿರಲ್ಲ. ಲಿಂಕನ್ ಎಲ್ಲಿ, ಅಂತಾನೆ. ಗೋಡೆ ಮೇಲೆ ಫೋಟೋ ಇದೆಯಲ್ಲ ಆ ಲಿಂಕನ್. ಸರಿ, ಲಿಂಕನ್‌ಗೆ ಬರೋಣ.

1863ರ ಜನವರಿ 1ರಂದು ಲಿಂಕನ್ ಸಹಿ ಹಾಕಿದ ಘೋಷಣೆ ದೊಡ್ಡದು. ಅದನ್ನ ಚಿಕ್ಕದು ಮಾಡೋಕೆ ನಾನು ಹೊರಟಿಲ್ಲ. ಆದರೆ ಅವನು ಯಾವ ಅಧಿಕಾರದಿಂದ ಹಾಕಿದ ಅಂತ ನೋಡಿ. ದಂಡನಾಯಕನ ಅಧಿಕಾರದಿಂದ, ಯುದ್ಧದ ಅಸ್ತ್ರ ಅಂತ. ಹಾಗಾಗಿ ದಂಗೆ ಎದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ ಬಿಡುಗಡೆ. ತನ್ನ ಪಕ್ಷದಲ್ಲೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್, ಮಿಸೌರಿ ರಾಜ್ಯಗಳ ಗುಲಾಮರು ಗುಲಾಮರಾಗೇ ಉಳಿದರು. ಪೆನ್ನು ಅಲ್ಲಿಗೆ ನಿಲುಕಲಿಲ್ಲ. ಇನ್ನೊಂದು, ಆ ಕಾಗದಕ್ಕೆ ಜೀವ ಕೊಟ್ಟವರು ಯಾರು? ತೋಟಗಳಿಂದ ಎದ್ದು ಓಡಿಬಂದ ಗುಲಾಮರು. ಸುಮಾರು 1,80,000 ಕಪ್ಪು ಜನ ಆ ಸೈನ್ಯದಲ್ಲಿ ಬಂದೂಕು ಹಿಡಿದರು. ಎಲ್ಲಾ ಕಡೆ ಗುಲಾಮಗಿರಿ ಮುಗಿದಿದ್ದು 1865ರ ಡಿಸೆಂಬರಿನಲ್ಲಿ, 13ನೇ ತಿದ್ದುಪಡಿಯಿಂದ. ಹುಕುಮಿನಿಂದ ಅಲ್ಲ, ಸಂವಿಧಾನದಿಂದ.

ಈಗ ನಾನು ನಿಮ್ಮನ್ನ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗ್ತೀನಿ. ಈ ಲೇಖನ ಬರೆಯೋಕೆ ನನ್ನನ್ನ ಕೂರಿಸಿದ್ದೇ ಆ ದ್ವೀಪ.

ಯುದ್ಧ ಮುಗೀತಾ ಬಂದಿತ್ತು. 1865ರ ಜನವರಿ 12ರಂದು ಸವಾನ್ನಾ ಊರಿನಲ್ಲಿ ಜನರಲ್ ಷರ್ಮನ್ ಮತ್ತು ಯುದ್ಧಮಂತ್ರಿ ಸ್ಟಾಂಟನ್ ಇಪ್ಪತ್ತು ಕಪ್ಪು ಪಾದ್ರಿಗಳನ್ನ ಕರೆಸಿ ಕೇಳಿದ್ರು, ನಿಮ್ಮ ಜನಕ್ಕೆ ಏನು ಬೇಕು ಅಂತ. ಅವರು ದುಡ್ಡು ಕೇಳಲಿಲ್ಲ, ದಯೆ ಕೇಳಲಿಲ್ಲ. ಭೂಮಿ ಬೇಕು ಅಂದ್ರು. ನಮ್ಮ ಕೈಯಿಂದ ನಾವೇ ಉತ್ತು ತಿನ್ನೋಕೆ ಭೂಮಿ. ನಾಲ್ಕು ದಿನಕ್ಕೆ ಷರ್ಮನ್ ಹುಕುಂ ಹೊರಡಿಸಿದ: ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾ ಕರಾವಳಿಯಲ್ಲಿ ಧಣಿಗಳು ಬಿಟ್ಟು ಓಡಿದ ಭೂಮಿ, ಕುಟುಂಬಕ್ಕೆ 40 ಎಕರೆ ತನಕ. ಸುಮಾರು 40,000 ಜನ ಸುಮಾರು 4,00,000 ಎಕರೆಯಲ್ಲಿ ನೆಲೆ ನಿಂತರು. ಉತ್ತರು, ಬಿತ್ತರು, ಗುಡಿಸಲು ಹಾಕಿದರು. ಮೊದಲನೇ ಸಲ ಅವರ ಬೆವರಿನ ಬೆಳೆ ಅವರ ಮನೆಗೆ ಬಂತು.

ಏಪ್ರಿಲ್‌ನಲ್ಲಿ ಲಿಂಕನ್‌ನನ್ನ ಕೊಂದರು. ಉಪಾಧ್ಯಕ್ಷ ಆಂಡ್ರೂ ಜಾನ್ಸನ್ ಅಧ್ಯಕ್ಷನಾದ. ತಾನೂ ಗುಲಾಮರನ್ನ ಇಟ್ಕೊಂಡಿದ್ದವನು. ಕುರ್ಚಿ ಅದೇ, ಪೆನ್ನು ಅದೇ, ಕೈ ಮಾತ್ರ ಬೇರೆ. ಸಂವಿಧಾನ ಕೊಟ್ಟ ಕ್ಷಮೆಯ ಅಧಿಕಾರವನ್ನ ಅವನು ದಂಗೆ ಎದ್ದ ಧಣಿಗಳಿಗೆ ಹಂಚಿದ. ಸಾವಿರ ಸಾವಿರ ಕ್ಷಮಾಪತ್ರ. ಕ್ಷಮೆ ಅಂದ್ರೆ ಬರೀ ಕ್ಷಮೆ ಅಲ್ಲ, ಆಸ್ತಿಯೂ ವಾಪಸ್.

ಆ ವರ್ಷದ ಅಕ್ಟೋಬರಿನಲ್ಲಿ ಜನರಲ್ ಹೋವರ್ಡ್‌ನನ್ನ ಎಡಿಸ್ಟೋ ದ್ವೀಪಕ್ಕೆ ಕಳಿಸಿದ್ರು, ಜನಕ್ಕೆ ಹೇಳಿ ಬಾ ಅಂತ. ಒಳ್ಳೆ ಮನುಷ್ಯ ಅವನು, ಯುದ್ಧದಲ್ಲಿ ಬಲಗೈ ಕಳ್ಕೊಂಡವನು. ಚರ್ಚಿನಲ್ಲಿ ಜನ ಕಿಕ್ಕಿರಿದು ಸೇರಿದ್ರು. ಭೂಮಿ ಧಣಿಗಳಿಗೆ ವಾಪಸ್ ಹೋಗುತ್ತೆ, ನೀವು ಅವರ ಹತ್ತಿರವೇ ಕೂಲಿಗೆ ಒಪ್ಪಂದ ಮಾಡ್ಕೊಳ್ಳಿ ಅಂತ ಅವನು ಹೇಳಬೇಕಿತ್ತು. ಗದ್ದಲ ತಡೆಯೋಕಾಗದೆ ಹಾಡಿ ಅಂದನಂತೆ. ಒಬ್ಬ ಹೆಂಗಸು ದುಃಖದ ಹಾಡೊಂದನ್ನ ಎತ್ತಿದಳು, ಜನರಲ್ಲಿನ ಕಣ್ಣಲ್ಲಿ ನೀರು ಬಂತು. ಕಣ್ಣೀರು ಬಂತು, ಭೂಮಿ ಬರಲಿಲ್ಲ. ಆ ದ್ವೀಪದ ಜನ ಸಮಿತಿ ಮಾಡ್ಕೊಂಡು ಹೋವರ್ಡ್‌ಗೆ ಒಂದು ಕಾಗದ, ಅಧ್ಯಕ್ಷನಿಗೆ ಒಂದು ಕಾಗದ ಬರೆದರು. ಕಾಗುಣಿತ ತಪ್ಪಿದ ಕಾಗದ, ಅದರಲ್ಲಿರೋ ತರ್ಕ ಯಾವ ವಕೀಲನಿಗೂ ಕಮ್ಮಿ ಇಲ್ಲ. ಧಣಿಗಳನ್ನ ಕ್ಷಮಿಸಿ ಅಂತೀರಿ; ನನ್ನನ್ನ ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಗೂ ತಂಗಿಗೂ ಹೊಡೆದವನು, ಈಗ ಅವನ ಭೂಮಿಯಲ್ಲಿ ಅವನು ಹೇಳಿದ ಕೂಲಿಗೇ ದುಡಿ ಅಂದ್ರೆ ಅಂಥವನನ್ನ ಹೇಗೆ ಕ್ಷಮಿಸಲಿ, ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದಾರೆ.

ಅಧ್ಯಕ್ಷ ಮನಸ್ಸು ಬದಲಾಯಿಸಲಿಲ್ಲ. ಬಿತ್ತಿದ ನೆಲದಿಂದ ಹೆಚ್ಚಿನವರನ್ನ ಎಬ್ಬಿಸಿದರು. ಬಗರ್ ಹುಕುಂ ಸಾಗುವಳಿದಾರರ ಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಆ ಚರ್ಚಿನಲ್ಲಿ ನೀವೂ ಕೂತಿದ್ದೀರಿ ಅಂದ್ಕೊಂಡು ಓದಿ. ಒಬ್ಬನ ಹುಕುಮಿನಿಂದ ಬಂದ ಭೂಮಿ ಹತ್ತು ತಿಂಗಳಲ್ಲಿ ಇನ್ನೊಬ್ಬನ ಹುಕುಮಿನಿಂದ ಹೋಯ್ತು.

ಜಾನ್ಸನ್‌ಗೆ ಯಾರೂ ಮಿತಿ ಹಾಕಲಿಲ್ವ? ಹಾಕಿದರು. ಕಪ್ಪು ಜನರ ನಾಗರಿಕ ಹಕ್ಕಿನ ಮಸೂದೆಯನ್ನ ಅವನು ತಿರಸ್ಕರಿಸಿದಾಗ 1866ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸು ಮೂರನೇ ಎರಡು ಬಹುಮತದಿಂದ ಅವನನ್ನ ಮೀರಿ ಕಾಯಿದೆ ಮಾಡ್ತು. 1868ರಲ್ಲಿ 14ನೇ ತಿದ್ದುಪಡಿ ಬಂತು. ಅದೇ ವರ್ಷ ಅವನ ಮೇಲೆ ಮಹಾಭಿಯೋಗ. ಸೆನೆಟ್ಟಿನಲ್ಲಿ 35 ಜನ ತಪ್ಪಿತಸ್ಥ ಅಂದ್ರು, 19 ಜನ ಅಲ್ಲ ಅಂದ್ರು. ಬೇಕಿದ್ದದ್ದು 36. ಒಂದು ಓಟಿನಿಂದ ಬಚಾವಾದ. ಆದರೆ ಆಪಾದನೆ ಏನು ಅಂತೀರಿ? 40,000 ಜನರ ಭೂಮಿ ಕಿತ್ಕೊಂಡಿದ್ದಲ್ಲ. ಕಾಂಗ್ರೆಸ್ಸಿನ ಕಾಯಿದೆ ಮೀರಿ ಸ್ಟಾಂಟನ್ ಅನ್ನೋ ಮಂತ್ರಿಯನ್ನ ಕೆಲಸದಿಂದ ತೆಗೆದದ್ದು! ದೊಡ್ಡವರು ದೊಡ್ಡವರ ಮೇಲೆ ಹಾಕ್ಕೊಳ್ಳೋ ಮಿತಿ ಹೀಗಿರುತ್ತೆ.

ಮುಂದಿನ ಕಾಲವನ್ನ ಬೇಗ ದಾಟ್ತೀನಿ. 1877ರಲ್ಲಿ ಹೇಯ್ಸ್ ಅನ್ನೋ ಅಧ್ಯಕ್ಷ ದಕ್ಷಿಣದಲ್ಲಿ ಕಪ್ಪು ಜನರಿಗೆ ಬೆಂಬಲವಾಗಿ ಉಳಿದಿದ್ದ ಸೈನ್ಯವನ್ನ ಶಿಬಿರಕ್ಕೆ ವಾಪಸ್ ಕರೆಸಿದ. 1913ರಲ್ಲಿ ವುಡ್ರೋ ವಿಲ್ಸನ್ ಬಂದ. ರಾಜ್ಯಶಾಸ್ತ್ರದ ಪ್ರೊಫೆಸರು, ಅಧ್ಯಕ್ಷನ ಬಲ ಹೆಚ್ಚಬೇಕು ಅಂತ ವಾದಿಸಿದವನು. ಅವನ ಮಂತ್ರಿಗಳು ಅಂಚೆ ಇಲಾಖೆ, ಖಜಾನೆ ಇಲಾಖೆಯ ಕಚೇರಿಗಳಲ್ಲಿ ಕಪ್ಪು ನೌಕರರನ್ನ ಬೇರೆ ಕೂರಿಸಿದರು, ಕಕ್ಕಸು ಬೇರೆ, ಊಟದ ಜಾಗ ಬೇರೆ. ಇದಕ್ಕೆ ಯಾವ ಕಾಯಿದೆಯೂ ಬೇಕಾಗಲಿಲ್ಲ. ಮೇಲಿನವರು ಹೂಂ ಅಂದ್ರೆ ಸಾಕು. 1914ರಲ್ಲಿ ಟ್ರಾಟರ್ ಅನ್ನೋ ಕಪ್ಪು ಪತ್ರಕರ್ತ ಶ್ವೇತಭವನಕ್ಕೇ ಹೋಗಿ ಎದುರಾಎದುರು ಕೇಳಿದ, ಅವನ ಮಾತಿನ ಧಾಟಿ ಸರಿಯಿಲ್ಲ ಅಂತ ವಿಲ್ಸನ್ ಹೊರಗೆ ಕಳಿಸಿದ. ಗಮನಿಸಿ, ಇದೇ 1913ರ ಬೇಸಿಗೆಯಲ್ಲಿ ಬಾಬಾಸಾಹೇಬರು ಓದೋಕೆ ಅಂತ ನ್ಯೂಯಾರ್ಕಿನಲ್ಲಿ ಇಳಿದದ್ದು. 1916ರ ತನಕ ಕೊಲಂಬಿಯಾದಲ್ಲಿದ್ದರು. ಆಮೇಲೆ 1948ರಲ್ಲಿ ಅವರು ಅಧ್ಯಕ್ಷ ಪದ್ಧತಿ ಬಗ್ಗೆ ಮಾತಾಡಿದ್ದು ಬರೀ ಪುಸ್ತಕದ ಮಾತಲ್ಲ, ಆ ದೇಶದಲ್ಲಿ ಮೂರು ವರ್ಷ ಬದುಕಿದವನ ಮಾತು. ಅದಕ್ಕೆ ಆಮೇಲೆ ಬರ್ತೀನಿ.

ಅಧ್ಯಕ್ಷನ ಕೈ ನಿಜವಾಗಿ ದಪ್ಪ ಆಗಿದ್ದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ. ಆರ್ಥಿಕ ಕುಸಿತ, ಆಮೇಲೆ ಮಹಾಯುದ್ಧ. ಒಂದಾದ ಮೇಲೊಂದು ಹೊಸ ಇಲಾಖೆ, ಹೊಸ ಮಂಡಳಿ, ಎಲ್ಲಾ ಅಧ್ಯಕ್ಷನ ಕೆಳಗೆ. ಯುದ್ಧದ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಕೆಲಸ ಹುಟ್ಟಿದವು, ಕಪ್ಪು ಜನಕ್ಕೆ ಮಾತ್ರ ಗೇಟು ಮುಚ್ಚಿತ್ತು. ಆಗ ಎ. ಫಿಲಿಪ್ ರಾಂಡಾಲ್ಫ್ ಎದ್ದ. ರೈಲಿನಲ್ಲಿ ಬಿಳಿಯರ ಹಾಸಿಗೆ ಹಾಸಿ, ಅವರ ಬೂಟು ಒರೆಸೋ ಕಪ್ಪು ಪೋರ್ಟರುಗಳ ಸಂಘ ಕಟ್ಟಿದವನು. 1941ರ ಜುಲೈ 1ಕ್ಕೆ ಒಂದು ಲಕ್ಷ ಕಪ್ಪು ಜನರನ್ನ ರಾಜಧಾನಿಯ ಬೀದಿಗೆ ಇಳಿಸ್ತೀನಿ ಅಂದ. ಅಧ್ಯಕ್ಷ ಜೂನ್ 18ರಂದು ಕರೆಸಿ ಬೇಡ ಅಂದ. ಇವನು ಹುಕುಂ ಕೊಡಿ, ನಿಲ್ಲಿಸ್ತೀನಿ ಅಂದ. ಜೂನ್ 25ಕ್ಕೆ 8802ನೇ ಹುಕುಂ ಹೊರಬಿತ್ತು: ಯುದ್ಧ ಸಾಮಗ್ರಿ ಕಾರ್ಖಾನೆ, ಸರ್ಕಾರಿ ಕೆಲಸಗಳಲ್ಲಿ ಬಣ್ಣ, ಜನಾಂಗ ನೋಡಬಾರದು. ಒಂದೇ ವಾರ ಗೆಳೆಯರೆ! ಅಧ್ಯಕ್ಷನ ಪೆನ್ನಿಗೆ ಶಾಯಿ ತುಂಬಿದವನು ಪೋರ್ಟರು.

ಇಲ್ಲಿಗೆ ನಿಲ್ಲಿಸಿದ್ರೆ ನನ್ನ ಗೆಳೆಯನೇ ಗೆಲ್ತಾನೆ. ಮುಂದಕ್ಕೆ ನೋಡಿ. ಎಂಟು ತಿಂಗಳೂ ಕಳೆದಿರಲಿಲ್ಲ, 1942ರ ಫೆಬ್ರವರಿ 19ರಂದು ಅದೇ ರೂಸ್‌ವೆಲ್ಟ್, ಅದೇ ಮೇಜು, 9066ನೇ ಹುಕುಂ. ಜಪಾನೀ ಮೂಲದ ಸುಮಾರು 1,20,000 ಜನರನ್ನ ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಕ್ಯಾಂಪಿಗೆ ತುಂಬಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕಾದ ಪ್ರಜೆಗಳೇ. ಫ್ರೆಡ್ ಕೊರೆಮಾತ್ಸು ಅನ್ನೋ ಬೆಸುಗೆ ಕೆಲಸದ ಯುವಕ ಹೋಗಲ್ಲ ಅಂದ. ಅವನ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1944ರ ಡಿಸೆಂಬರಿನಲ್ಲಿ ಆರು ಜಡ್ಜುಗಳು ಸರ್ಕಾರ ಮಾಡಿದ್ದು ಸರಿ ಅಂದ್ರು, ಮೂವರು ತಪ್ಪು ಅಂದ್ರು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಕೇಸು ಇಡ್ತೀನಿ. 1952ರ ಏಪ್ರಿಲ್. ಕೊರಿಯಾ ಯುದ್ಧದ ಹೊತ್ತು. ಕಾಂಗ್ರೆಸ್ಸು ಸಾರದೇ ಇದ್ದ ಯುದ್ಧ ಅದು. 1942ರಿಂದ ಈಚೆಗೆ ಆ ದೇಶದ ಕಾಂಗ್ರೆಸ್ಸು ಒಂದು ಯುದ್ಧವನ್ನೂ ವಿಧಿವತ್ತಾಗಿ ಸಾರಿಲ್ಲ, ಅಧ್ಯಕ್ಷರು ನಡೆಸಿದ್ದು ಮಾತ್ರ ಎಷ್ಟೋ. ಉಕ್ಕಿನ ಕಾರ್ಮಿಕರು ಮುಷ್ಕರ ಹೂಡ್ತಾರೆ ಅಂತ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತಗೊಂಡ. ಧಣಿಗಳು ಕೋರ್ಟಿಗೆ ಓಡಿದ್ರು. ಜೂನ್ 2ಕ್ಕೆ ತೀರ್ಪು, ಆರಕ್ಕೆ ಮೂರು: ಅಧ್ಯಕ್ಷನಿಗೆ ಈ ಅಧಿಕಾರ ಇಲ್ಲ, ವಾಪಸ್ ಕೊಡು. ಟ್ರೂಮನ್ ಕೊಟ್ಟ. ಅಧ್ಯಕ್ಷನ ಮಿತಿ ಅಂತ ಎಲ್ಲಾ ಪಠ್ಯಪುಸ್ತಕವೂ ಕೊಂಡಾಡೋ ತೀರ್ಪು ಇದು. ಆ ಕೇಸಿನಲ್ಲಿ ರಾಬರ್ಟ್ ಜಾಕ್ಸನ್ ಅನ್ನೋ ಜಡ್ಜು ಹಾಕಿಕೊಟ್ಟ ಮೂರು ಮೆಟ್ಟಿಲು ಇವತ್ತಿಗೂ ಬಳಕೆಯಲ್ಲಿದೆ. ಕಾಂಗ್ರೆಸ್ಸು ಒಪ್ಪಿ ಕೊಟ್ಟಾಗ ಅಧ್ಯಕ್ಷನ ಬಲ ಪೂರ್ತಿ. ಕಾಂಗ್ರೆಸ್ಸು ಸುಮ್ಮನಿದ್ದಾಗ ಮಬ್ಬುಗತ್ತಲು. ಕಾಂಗ್ರೆಸ್ಸು ಬೇಡ ಅಂದಿದ್ದನ್ನ ಮಾಡಹೊರಟಾಗ ಬಲ ತಳ ಕಾಣುತ್ತೆ. ನಿಜ, ಒಳ್ಳೆ ತೀರ್ಪು. ಕೊರೆಮಾತ್ಸು ಕೇಸಿನಲ್ಲಿ ತಪ್ಪು ಅಂದ ಮೂವರಲ್ಲಿ ಈ ಜಾಕ್ಸನ್ನೂ ಒಬ್ಬ. ಆದರೆ ಲೆಕ್ಕ ಹಾಕಿ. ಉಕ್ಕಿನ ಧಣಿಗಳ ಕಾರ್ಖಾನೆ ಎರಡು ತಿಂಗಳೊಳಗೆ ವಾಪಸ್ ಬಂತು. ಬೆಸುಗೆ ಕೆಲಸದ ಕೊರೆಮಾತ್ಸು ಮೇಲಿದ್ದ 1942ರ ಶಿಕ್ಷೆಯನ್ನ ಒಂದು ಕೆಳ ಕೋರ್ಟು ಅಳಿಸಿ ಹಾಕಿದ್ದು 1983ರಲ್ಲಿ. 41 ವರ್ಷ! ಮಿತಿ ಅನ್ನೋ ಪದ ಕೇಳಿದ ಕೂಡಲೇ ಅದು ನಮ್ಮ ನೆಂಟ ಅಂದ್ಕೋಬೇಡಿ. ಯಾರ ಬೇಲಿ ಕಾಯೋಕೆ ಹಾಕಿದ ಮಿತಿ ಅಂತ ಕೇಳಿ. ದಕ್ಷಿಣದ ಜಾತಿವಾದಿ ಬಿಳಿಯರೂ ನೂರು ವರ್ಷ ಮಿತಿ ಮಿತಿ ಅಂತಲೇ ಕೂಗಿದವರು. 1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳನ್ನ ಕಳಿಸೋಕೆ ಐಸೆನ್‌ಹೋವರ್ ಸೈನ್ಯ ಕಳಿಸಿದಾಗ ಅವರು ಕೂಗಿದ್ದೂ ಅದನ್ನೇ. ಅವತ್ತು ಆ ಮಕ್ಕಳಿಗೆ ಅಧ್ಯಕ್ಷನ ಬಲವೇ ಬೇಕಿತ್ತು. ಅದನ್ನ ನಾನು ಮುಚ್ಚಿಡಲ್ಲ.

ಪೆನ್ನಿನ ಮಾತು ಬಂತಲ್ಲ, ಒಂದು ನಗೋ ಕತೆ. 1960ರ ಚುನಾವಣೆಯಲ್ಲಿ ಕೆನಡಿ, ಮನೆ ಬಾಡಿಗೆ ಮಾರಾಟದಲ್ಲಿ ಬಣ್ಣಭೇದವನ್ನ ಪೆನ್ನಿನ ಒಂದು ಗೀಟಿನಲ್ಲಿ ಅಳಿಸಬಹುದು ಅಂದಿದ್ದ. ಗೆದ್ದ. ವರ್ಷ ಕಳೀತು, ಎರಡನೇ ವರ್ಷವೂ ಕಳೀತಾ ಬಂತು, ಗೀಟು ಬೀಳಲಿಲ್ಲ. ಜನ ಶ್ವೇತಭವನಕ್ಕೆ ಅಂಚೆಯಲ್ಲಿ ಪೆನ್ನು, ಶಾಯಿ ಕಳಿಸೋಕೆ ಶುರು ಮಾಡಿದ್ರು, ಇಲ್ಲದಿದ್ರೆ ತಗೋಪ್ಪ ಅಂತ. 1962ರ ನವೆಂಬರಿನಲ್ಲಿ ಅಂತೂ ಸಹಿ ಹಾಕಿದ, ಅರ್ಧಂಬರ್ಧ ಹುಕುಮಿಗೆ. ನಮ್ಮ ಹಾಸ್ಟೆಲ್ಲಿನ ಹಾಸಿಗೆ ದಿಂಬಿನ ಆರ್ಡರಿಗೂ ಇದನ್ನ ಮಾಡಿ ನೋಡಬಹುದು.

ಆಮೇಲಿಂದು ನಗೋ ಕತೆ ಅಲ್ಲ. 1965ರ ಸೆಪ್ಟೆಂಬರಿನಲ್ಲಿ ಲಿಂಡನ್ ಜಾನ್ಸನ್ 11246ನೇ ಹುಕುಂ ಹೊರಡಿಸಿದ. ಸರ್ಕಾರದ ಗುತ್ತಿಗೆ ತಗೊಳ್ಳೋ ಕಂಪನಿಗಳು ಕಪ್ಪು ಜನರಿಗೆ ಕೆಲಸದಲ್ಲಿ ಅವಕಾಶ ಸಿಗೋ ಹಾಗೆ ತಾವೇ ಮುಂದಾಗಿ ಕ್ರಮ ತಗೋಬೇಕು ಅಂತ. ಮೂರು ತಲೆಮಾರು ಅದರಿಂದ ಕೆಲಸ ಕಂಡಿತು. 2025ರ ಜನವರಿ 21, ಡೊನಾಲ್ಡ್ ಟ್ರಂಪ್ ಎರಡನೇ ಸಲ ಗದ್ದುಗೆ ಏರಿದ ಮಾರನೇ ದಿನ. ಒಂದು ಸಹಿ. ಆ ಹುಕುಂ ರದ್ದು. 59 ವರ್ಷದ ಹುಕುಂ ಒಂದು ದಿನದಲ್ಲಿ ಹೋಯ್ತು, ಕಾಂಗ್ರೆಸ್ಸಿನಲ್ಲಿ ಒಂದು ಓಟೂ ಬೀಳಲಿಲ್ಲ. ಯಾಕಂದ್ರೆ ಅದು ಬಂದಿದ್ದೂ ಓಟಿಲ್ಲದೆ. ಪಕ್ಕದಲ್ಲೇ 1964ರ ನಾಗರಿಕ ಹಕ್ಕು ಕಾಯಿದೆ ಇದೆ. ಅದನ್ನ ಒಂದು ಸಹಿಯಿಂದ ಅಳಿಸೋಕೆ ಆಗಲಿಲ್ಲ. ಅದು ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಪೊಲೀಸ್ ನಾಯಿ ಕಚ್ಚಿಸಿಕೊಂಡ ಮಕ್ಕಳಿಂದ ಹಿಡಿದು ಸೆನೆಟ್ಟಿನ ತಿಂಗಳುಗಟ್ಟಲೆ ಜಗಳದ ತನಕ ಹಾದು ಬಂದ ಕಾಯಿದೆ. ಕಾಯಿದೆಯನ್ನೂ ಕೊರೆಯಬಹುದು, 1965ರ ಮತದಾನ ಹಕ್ಕಿನ ಕಾಯಿದೆಯ ಮುಖ್ಯ ಕಾಲೊಂದನ್ನ 2013ರಲ್ಲಿ ಸುಪ್ರೀಂ ಕೋರ್ಟೇ ಮುರೀತು. ಆದರೆ ಮುರಿಯೋಕೆ 48 ವರ್ಷ ಬೇಕಾಯ್ತು, ಹಗಲು ಹೊತ್ತಿನಲ್ಲಿ ಎಲ್ಲರೆದುರು ಮುರೀಬೇಕಾಯ್ತು.

ಇನ್ನು ಪೆನ್ನೇ ಕಾಣದ ಅಧಿಕಾರ ಒಂದಿದೆ. ಎಫ್‌ಬಿಐ ಅಂತ ಪೊಲೀಸು, ಅದೂ ಅಧ್ಯಕ್ಷನ ಕೈಕೆಳಗಿನ ಇಲಾಖೆಯದೇ. ಮಾರ್ಟಿನ್ ಲೂಥರ್ ಕಿಂಗರ ಫೋನು ಕದ್ದು ಕೇಳೋಕೆ 1963ರಲ್ಲಿ ಒಪ್ಪಿಗೆ ಕೊಟ್ಟವನು ಅಧ್ಯಕ್ಷ ಕೆನಡಿಯ ತಮ್ಮ, ಕಾನೂನು ಮಂತ್ರಿ ರಾಬರ್ಟ್ ಕೆನಡಿ. ಬ್ಲ್ಯಾಕ್ ಪ್ಯಾಂಥರ್ ಪಕ್ಷ, ಯಾರ ಹೆಸರು ನೋಡಿ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ್ ಪ್ಯಾಂಥರ್ ಅಂತ ಇಟ್ಕೊಂಡರೋ ಆ ಪಕ್ಷ, ಅದನ್ನ ಒಳಗಿಂದಲೇ ಒಡೆಯೋಕೆ ಗುಟ್ಟಿನ ಯೋಜನೆ ನಡೀತು. 1969ರ ಡಿಸೆಂಬರ್ 4ರ ಬೆಳಗಿನ ಜಾವ ಷಿಕಾಗೋದಲ್ಲಿ ಪೊಲೀಸರು ಮನೆಗೆ ನುಗ್ಗಿ ಹಾಸಿಗೆಯಲ್ಲಿದ್ದ ಫ್ರೆಡ್ ಹ್ಯಾಂಪ್ಟನ್‌ನನ್ನ ಗುಂಡಿಟ್ಟು ಕೊಂದರು. ಮನೆಯ ನಕ್ಷೆ ಕೊಟ್ಟವನು ಎಫ್‌ಬಿಐ ಸಾಕಿದ್ದ ಗೂಢಚಾರ. ಹ್ಯಾಂಪ್ಟನ್‌ಗೆ ವಯಸ್ಸು 21. ನಮ್ಮ ಹಾಸ್ಟೆಲ್ಲಿನ ಮೂರನೇ ಬಿ.ಎ. ಹುಡುಗರ ವಯಸ್ಸು.

ಆಗ ಅಧ್ಯಕ್ಷ ನಿಕ್ಸನ್. ಕಾಂಬೋಡಿಯಾದ ಮೇಲೆ ಗುಟ್ಟಾಗಿ ಬಾಂಬು ಹಾಕಿಸಿದವನು, ಕಾಂಗ್ರೆಸ್ಸು ಮಂಜೂರು ಮಾಡಿದ ದುಡ್ಡನ್ನ ಖರ್ಚು ಮಾಡಲ್ಲ ಅಂತ ಹಿಡಿದಿಟ್ಟವನು. ಅವನನ್ನ ಇಳಿಸಿದ ಕತೆಯಲ್ಲಿ ಎಲ್ಲರೂ ಪತ್ರಕರ್ತರ ಹೆಸರು ಹೇಳ್ತಾರೆ, ಜಡ್ಜುಗಳ ಹೆಸರು ಹೇಳ್ತಾರೆ. 1974ರ ಜುಲೈ 24ರಂದು ಎಂಟಕ್ಕೆ ಎಂಟೂ ಜಡ್ಜುಗಳು ಟೇಪು ಒಪ್ಪಿಸು ಅಂದದ್ದು ನಿಜ. ಮಾರನೇ ದಿನ ಬಾರ್ಬರಾ ಜೋರ್ಡಾನ್ ಅನ್ನೋ ಟೆಕ್ಸಸ್ಸಿನ ಕಪ್ಪು ಸಂಸದೆ ಸಮಿತಿಯಲ್ಲಿ ಕೂತು, ಈ ಸಂವಿಧಾನ ಬರೆದಾಗ 'ಜನ' ಅನ್ನೋ ಪದದೊಳಗೆ ನಾನಿರಲಿಲ್ಲ, ಆದರೂ ಅದು ನಾಶವಾಗೋದನ್ನ ನೋಡ್ತಾ ಕೂರಲ್ಲ ಅಂತ ಹೇಳಿದ್ದೂ ನಿಜ. ಆದರೆ ಮೊದಲು ನೋಡಿದವನು ಯಾರು? 1972ರ ಜೂನ್ 17ರ ರಾತ್ರಿ ವಾಟರ್‌ಗೇಟ್ ಕಟ್ಟಡದ ವಾಚ್‌ಮನ್ ಫ್ರಾಂಕ್ ವಿಲ್ಸ್. 24 ವಯಸ್ಸಿನ ಕಪ್ಪು ಹುಡುಗ. ಬಾಗಿಲಿನ ಚಿಲಕಕ್ಕೆ ಟೇಪು ಅಂಟಿಸಿರೋದು ಕಂಡ, ಕಿತ್ತು ಹಾಕಿದ. ಇನ್ನೊಂದು ಸುತ್ತು ಬಂದಾಗ ಮತ್ತೆ ಅಂಟಿಸಿತ್ತು. ಪೊಲೀಸರಿಗೆ ಫೋನು ಮಾಡಿದ. ಅಷ್ಟೆ. ಎರಡು ವರ್ಷಕ್ಕೆ ಅಧ್ಯಕ್ಷ ರಾಜೀನಾಮೆ ಕೊಟ್ಟ. ಒಂದು ತಿಂಗಳಿಗೆ ಹೊಸ ಅಧ್ಯಕ್ಷ ಫೋರ್ಡ್, ಅದೇ ಕ್ಷಮೆಯ ಪೆನ್ನು ತೆಗೆದು ನಿಕ್ಸನ್‌ಗೆ ಪೂರ್ತಿ ಕ್ಷಮೆ ಕೊಟ್ಟ. ಫ್ರಾಂಕ್ ವಿಲ್ಸ್‌ಗೆ ನೆಟ್ಟಗೊಂದು ಕೆಲಸ ನಿಲ್ಲಲಿಲ್ಲ. 2000ದಲ್ಲಿ ಬಡತನದಲ್ಲೇ ತೀರಿಕೊಂಡ.

2024ರ ಜುಲೈ 1ರಂದು ಅದೇ ಸುಪ್ರೀಂ ಕೋರ್ಟು ಆರಕ್ಕೆ ಮೂರರಲ್ಲಿ ಹೇಳ್ತು: ಅಧ್ಯಕ್ಷ ತನ್ನ ಮೂಲ ಸಂವಿಧಾನದತ್ತ ಅಧಿಕಾರದಿಂದ ಮಾಡಿದ್ದಕ್ಕೆ, ಕುರ್ಚಿ ಬಿಟ್ಟ ಮೇಲೂ, ಕ್ರಿಮಿನಲ್ ಕೇಸು ಹಾಕೋ ಹಾಗೇ ಇಲ್ಲ; ಉಳಿದ ಅಧಿಕೃತ ಕೆಲಸಕ್ಕೂ ರಕ್ಷಣೆ ಇದೆ ಅಂತಲೇ ಮೊದಲು ತಿಳೀಬೇಕು. ಈ ತೀರ್ಪು ಆಗ ಇದ್ದಿದ್ದರೆ ಫೋರ್ಡ್ ಅಷ್ಟು ಶಾಯಿ ಖರ್ಚು ಮಾಡಬೇಕಿತ್ತೋ ಇಲ್ವೋ.

ಒಂದು ಮಾತು ಬೆಂಗಳೂರಿನ ನಮ್ಮ ಮೇಲ್ಜಾತಿ ಇಂಜಿನಿಯರ್ ಗೆಳೆಯರಿಗೂ ಹೇಳ್ಬೇಕು. ಮೀಸಲಾತಿ ಅಂದ್ರೆ ಮುಖ ಸಿಂಡರಿಸಿ ಪ್ರತಿಭೆ ಪ್ರತಿಭೆ ಅಂತ ಜಪ ಮಾಡ್ತಾ ಎಚ್-1ಬಿ ವೀಸಾ ಹಿಡಿದು ಅಮೆರಿಕಾಕ್ಕೆ ಹೋದವರು. 2025ರ ಜನವರಿ 20ರಂದು ಟ್ರಂಪ್ ಒಂದು ಹುಕುಂ ಹೊರಡಿಸಿದ: ತಂದೆ ತಾಯಿ ಇಬ್ಬರಲ್ಲಿ ಯಾರೂ ಪ್ರಜೆಯಾಗಲಿ ಕಾಯಂ ನಿವಾಸಿಯಾಗಲಿ ಅಲ್ಲದಿದ್ರೆ, ಅಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಇಲ್ಲ. ವೀಸಾದ ಮೇಲಿರೋ ಕನ್ನಡದ ಮನೆಗಳಲ್ಲೂ ಅವತ್ತು ಒಲೆ ಹತ್ತಿರಲಿಕ್ಕಿಲ್ಲ. ಕೆಳ ಕೋರ್ಟುಗಳು ಅದನ್ನ ತಡೆದವು. ಯಾವ ಆಧಾರದ ಮೇಲೆ? 1868ರ 14ನೇ ತಿದ್ದುಪಡಿ. ಆ ನೆಲದಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಅನ್ನೋ ಸಾಲು. ಕಪ್ಪು ಮನುಷ್ಯ ಪ್ರಜೆ ಆಗೋಕೇ ಸಾಧ್ಯ ಇಲ್ಲ ಅಂತ 1857ರಲ್ಲಿ ಕೋರ್ಟು ಹೇಳಿದ್ದಕ್ಕೆ ಉತ್ತರವಾಗಿ, ಎಡಿಸ್ಟೋ ದ್ವೀಪದ ಜನ, ಅವರಂಥ ಲಕ್ಷಾಂತರ ಜನ ರಕ್ತ ಕೊಟ್ಟು ಬರೆಸಿದ ಸಾಲು ಅದು. ಸ್ವಾಮಿ, ನಿಮ್ಮ ಮಗುವಿನ ತಲೆ ಮೇಲೆ ಅವತ್ತು ಕೊಡೆ ಹಿಡಿದವರು ಗುಲಾಮರ ಮಕ್ಕಳು.

ಈಗ ಬಾಬಾಸಾಹೇಬರ ಮಾತು. 1948ರ ನವೆಂಬರ್ 4ರಂದು ಕರಡು ಸಂವಿಧಾನ ಮಂಡಿಸ್ತಾ ಅವರು ಇದನ್ನೇ ತೂಗಿ ನೋಡಿದ್ರು. ಅಮೆರಿಕಾದ ಪದ್ಧತಿಯಲ್ಲಿ ಸರ್ಕಾರಕ್ಕೆ ಸ್ಥಿರತೆ ಹೆಚ್ಚು, ಜವಾಬ್ದಾರಿ ಕಮ್ಮಿ. ಪಾರ್ಲಿಮೆಂಟಿನ ಪದ್ಧತಿಯಲ್ಲಿ ಜವಾಬ್ದಾರಿ ಹೆಚ್ಚು, ಸ್ಥಿರತೆ ಕಮ್ಮಿ. ಅಲ್ಲಿ ಲೆಕ್ಕ ಕೇಳೋದು ಚುನಾವಣೆಗೊಂದು ಸಲ. ಇಲ್ಲಿ ಪ್ರಶ್ನೆ ಕೇಳಿ, ನಿಲುವಳಿ ತಂದು, ಅವಿಶ್ವಾಸ ಹೂಡಿ ದಿನದಿನವೂ ಕೇಳಬಹುದು. ಎರಡೂ ಪೂರ್ತಿ ಸಿಗಲ್ಲ, ಹಾಗಾಗಿ ಜವಾಬ್ದಾರಿಯನ್ನ ಆರಿಸ್ಕೊಂಡೆವು ಅಂದ್ರು. ಮಾರನೇ ವರ್ಷ ನವೆಂಬರ್ 25ಕ್ಕೆ ಇನ್ನೂ ಖಾರವಾಗಿ ಹೇಳಿದ್ರು, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ. ಅವರ ಫೋಟೋಕ್ಕೆ ಹಾರ ಹಾಕಿ ಬಂದು, ಊಟದ ಹಾಲಿನಲ್ಲಿ ನಮಗೊಬ್ಬ ಗಟ್ಟಿ ಮನುಷ್ಯ ಬೇಕು ಅನ್ನೋನು ಅವರನ್ನ ಓದಿದಾನಾ? ದಿನದಿನವೂ ಲೆಕ್ಕ ಕೇಳೋ ಹಕ್ಕನ್ನ ನಾವು ಬಳಸದೆ ತುಕ್ಕು ಹಿಡಿಸಿದ್ದೀವಿ, ಅದು ಬೇರೆ ಜಗಳ. ತುಕ್ಕು ಹಿಡೀತು ಅಂತ ಕುಡುಗೋಲನ್ನ ಗೌಡನ ಕೈಗೆ ಕೊಟ್ಟು ಬರ್ತೀರಾ?

ನನ್ನ ಗೆಳೆಯ ಈ ಕಾಗದದ ಕರಡು ಓದಿದ. ಓದಿ ಒಂದು ಪ್ರಶ್ನೆ ಕೇಳಿದ: "ರಾಂಡಾಲ್ಫ್ ಹತ್ರ ಒಂದು ಲಕ್ಷ ಜನ ನಿಜವಾಗ್ಲೂ ಇದ್ರಾ?" ಇದ್ದರೋ ಇಲ್ವೋ, ರೂಸ್‌ವೆಲ್ಟ್‌ಗೆ ಇದ್ದಾರೆ ಅನ್ನಿಸ್ತು ಅಂದೆ. ನಕ್ಕ. ನಮ್ಮ ಹತ್ರ ಎಷ್ಟು ಜನ ಇದ್ದಾರೆ ಅಂತ ಕೇಳಿದ. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಭಾನುವಾರ ಸಂಜೆ ಊಟದ ಹಾಲಿನಲ್ಲೇ ಮತ್ತೆ ಕೂರ್ತೀವಿ, ತಲೆ ಆಡಿಸಿದ ಆ ಹತ್ತು ಹನ್ನೆರಡು ಹುಡುಗರೂ ಬರ್ತಾರೆ. ನೀವೂ ಬನ್ನಿ, ಎಣಿಸೋಣ.